ಟ್ಯಾಬು ಬರುವ ತನಕ ಸ್ಲೇಟು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ನಮ್ಮ ಕಡೆ ಹೇಳುವವರು ಯಾರೂ ತಾವು ಕುಲಾವಿ ಹೊಲಿಸದೆ ಬಿಟ್ಟವರಲ್ಲ. ಗಾದೆ ಇರುವುದು ಇನ್ನೊಬ್ಬರಿಗೆ ಹೇಳುವುದಕ್ಕೆ. ನಾನು ಹೊಲಿಸಿದ್ದು ಕುಲಾವಿಯಲ್ಲ, ಒಂದು ಚೀಲ. ಕೂಸು ಎಂದರೆ ಇನ್ನೂ ಬಿಡುಗಡೆಯಾಗದ ಒಂದು ಟ್ಯಾಬು: ಅಂಗೈಗಿಂತ ತುಸು ದೊಡ್ಡದು, ಗಾಜಿನ ಮೇಲೆ ಬರೆಯುವುದಕ್ಕೆ ಜೊತೆಗೊಂದು ಪೆನ್ನು. ಅದು ಬರುತ್ತದೆ ಬರುತ್ತದೆ ಎಂದು ಕಿರುಗಾವಲಿನ ಬಸ್ಸು ನಿಲ್ಲುವ ಜಾಗದ ಎದುರಿಗಿರುವ ಟೀ ಅಂಗಡಿಯ ಬೆಂಚು ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಕಾದಿತು. ಕಾದವರಲ್ಲಿ ಅರ್ಧ ಜನಕ್ಕೆ ಟ್ಯಾಬು ಅಂದರೆ ಏನೆಂದು ಗೊತ್ತಿರಲಿಲ್ಲ. ಅದರಿಂದ ಕಾಯುವುದಕ್ಕೇನೂ ತೊಂದರೆಯಾಗಲಿಲ್ಲ.

ಕಾದದ್ದು ನನ್ನ ಸೋದರಮಾವನಿಗಾಗಿ. ಮಾವ ಕಿರುಗಾವಲಿನ ಪಕ್ಕದ ಹಳ್ಳಿಯಲ್ಲಿ ಕಬ್ಬು, ಭತ್ತ ಬೆಳೆಯುವವರು. ನಾನು ಮದ್ದೂರಿನಲ್ಲಿ ಸಂಬಳಕ್ಕೆ ಕೂತವನು. ನನಗೆ ಕನ್ನಡ ಬಂದದ್ದು ಅವರ ಬಾಯಿಂದ. ರಜೆ ಬಂತೆಂದರೆ ಅವರ ಎತ್ತಿನ ಗಾಡಿಯ ಮೂಕಿಯ ಮೇಲೆ ಕೂತು ಊರೂರು ಸುತ್ತುತ್ತಿದ್ದೆ. ಎತ್ತಿಗೆ ಒಂದು ಕನ್ನಡ, ಗದ್ದೆಗೆ ನೀರು ತಿರುಗಿಸುವ ನೀರುಗಂಟಿಗೆ ಒಂದು ಕನ್ನಡ, ಅತ್ತೆಗೆ ಬೇರೆಯೇ ಒಂದು ಕನ್ನಡ ಆಡುತ್ತಿದ್ದರು. ಎತ್ತಿಗೆ ಆಡುತ್ತಿದ್ದುದೇ ಎಲ್ಲಕ್ಕಿಂತ ಮರ್ಯಾದೆಯದು. ಯಾರಾದರೂ ಒಂದು ಮಾತು ಎಸೆದರೆ ಅದು ನೆಲಕ್ಕೆ ಬೀಳುವ ಮೊದಲೇ ಹಿಡಿದು ವಾಪಸ್ಸು ಹೊಡೆಯುತ್ತಿದ್ದರು. ಅಂಥವರಿಗೆ ಗಂಟಲಲ್ಲಿ ಗಂಟಾಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ಕಿಂಡಿ, ಅದರ ಮೇಲೊಂದು ತೆಳುವಾದ ಬಿಳಿ ಬಟ್ಟೆ. ಪ್ರಾಣಕ್ಕೆ ಭಯವಿಲ್ಲ, ಧ್ವನಿ ಮಾತ್ರ ಬರುವುದಿಲ್ಲ ಎಂದು ಡಾಕ್ಟರು ಹೇಳಿ ಹೋದ ಮೇಲೆ ಮಾವ ಕಾಗದ ಪೆನ್ನು ಕೇಳಿ ಬರೆದರು: "ಒಳ್ಳೆ ಡಾಕ್ಟ್ರು. ಬಾಯ ಬುಟ್ಟು ಮಾತ ತಗಂಡವ್ರೆ."

ಊರಿಗೆ ಬಂದ ಮೇಲೆ ಅತ್ತೆ ಪೇಟೆಯಿಂದ ಒಂದು ಸ್ಲೇಟು ತಂದುಕೊಟ್ಟರು. ಮರದ ಚೌಕಟ್ಟಿನ ಕಪ್ಪು ಸ್ಲೇಟು, ಒಂದು ಡಬ್ಬಿ ಬಳಪ. ಧೂಳಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಒರೆಸುವುದಕ್ಕೆ ಒದ್ದೆ ಬಟ್ಟೆ. ಮನೆಯೊಳಗೆ ಇಷ್ಟೇ ಸಾಕಾಗಿತ್ತು. ಅತ್ತೆಯಂತೂ ಸ್ಲೇಟಿನ ಕಡೆ ತಿರುಗಿ ನೋಡುತ್ತಲೂ ಇರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿಕೊಂಡೇ, ನಡುಮನೆಯಲ್ಲಿ ಬಳಪ ಕಿರ್ ಎಂದ ಕೂಡಲೇ, ಅನ್ನಕ್ಕೆ ಇನ್ನೂ ಹೊತ್ತಿದೆ ಎಂದೋ, ಮೂಲೆಹೊಲಕ್ಕೆ ಆಳು ಬಂದಿಲ್ಲ ಎಂದೋ ಉತ್ತರ ಕೊಟ್ಟುಬಿಡುತ್ತಿದ್ದರು. ಓದದೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಇಷ್ಟು ವರ್ಷ ಬಾಳಾಟ ಮಾಡಿದ ಮೇಲೆ ಇವರು ಬರೆಯುವುದರಲ್ಲಿ ಓದುವುದೇನಿದೆ ಎಂದರು. ಬಳಪ ಒತ್ತಿದರೆ ಸಿಟ್ಟು, ತೇಲಿಸಿದರೆ ಹಸಿವು.

ತೊಂದರೆಯಾದದ್ದು ಬೆಂಚಿನಲ್ಲಿ. ಆ ಬೆಂಚಿಗೆ ಬರೆಯದ ಒಂದು ಕಾಯಿದೆ ಇದೆ. ಒಬ್ಬ ಒಂದು ಮಾತು ಚುಚ್ಚಿ ಟೀ ಗ್ಲಾಸು ಎತ್ತಿದರೆ, ಆ ಗ್ಲಾಸು ಕೆಳಗಿಳಿಯುವುದರೊಳಗೆ ಎದುರು ಮಾತು ಬಂದಿರಬೇಕು. ಇಳಿದ ಮೇಲೆ ಹೇಳಿದರೆ ಅದು ಮಾತೇ ಅಲ್ಲ. ಮದುವೆ ಮುಗಿದ ಮೇಲೆ ಬಂದ ಮುಯ್ಯಿ. ಈ ಆಟದಲ್ಲಿ ಮಾವನ ಎದುರಾಳಿ ಅವರ ಹಳೆಯ ಜೊತೆಗಾರ. ಇಬ್ಬರೂ ಒಟ್ಟಿಗೆ ಮಿಡ್ಲ್ ಸ್ಕೂಲು ಓದಿದವರು, ಅಂದಿನಿಂದ ಒಂದು ವಿಷಯಕ್ಕೂ ಒಪ್ಪದವರು, ಒಬ್ಬರನ್ನೊಬ್ಬರು ಒಂದು ದಿನವೂ ಬಿಟ್ಟಿರದವರು.

ಮಾವ ಸ್ಲೇಟು ಹಿಡಿದು ಮೊದಲ ಸಲ ಬೆಂಚಿಗೆ ಹೋದ ದಿನ ನಾನೂ ಇದ್ದೆ. ಜೊತೆಗಾರ ಗ್ಲಾಸು ಎತ್ತಿಕೊಂಡು ಶುರು ಮಾಡಿದ.

"ನಿನ್ ಕಬ್ಬ ನೋಡ್ಕಂಡ್ ಬಂದೆ ಕಣ್ಲಾ. ಅಲ್ಲುಜ್ಜೋ ಕಡ್ಡಿಗೂ ಆಗಕಿಲ್ಲ."

ಹಿಂದೆಯಾಗಿದ್ದರೆ ಅವನ ತುಟಿ ಗ್ಲಾಸಿಗೆ ತಾಗುವ ಮೊದಲೇ ಉತ್ತರ ಬಂದಿರುತ್ತಿತ್ತು. ಮಾವ ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು, ಟವಲು ಸರಿಮಾಡಿಕೊಂಡು, ಮೆಲ್ಲಗೆ ಬರೆದರು. ಅಷ್ಟರಲ್ಲಿ ಗ್ಲಾಸು ಇಳಿದಿತ್ತು, ಮಾತು ಮಳವಳ್ಳಿಯ ಬಸ್ಸಿಗೆ ಹೋಗಿತ್ತು. ಬೆಳಗಿನ ಬಸ್ಸನ್ನು ಕಂಡಕ್ಟರು ನಿಲ್ಲಿಸದೆ ಓಡಿಸಿಕೊಂಡು ಹೋದನಂತೆ ಎಂದು ಎಲ್ಲರೂ ರೇಗುತ್ತಿರುವಾಗ ಮಾವ ಸ್ಲೇಟು ಎತ್ತಿ ತೋರಿಸಿದರು: "ನಿಂಗೆ ಅಲ್ಲು ಇದ್ರೆ ತಾನೆ ಉಜ್ಜದು?"

ಬೆಂಚು ಓದಿತು. "ಯಾರ್ಗೆ, ಕಂಡಕ್ಟರ್ಗಾ?" ಎಂದು ಟೀ ಅಂಗಡಿಯವನು ಕೇಳಿದ. ಅವನು ತಮಾಷೆಗೆ ಕೇಳಲಿಲ್ಲ, ಅದೇ ಕೆಟ್ಟದ್ದು.

ಮಾವ ಇನ್ನೂ ಕೆಲವು ದಿನ ಹೋದರು. ಸ್ಲೇಟನ್ನು ಕಂಕುಳಲ್ಲಿ ಇಟ್ಟು ಮೇಲೆ ಟವಲು ಹೊದ್ದು, ಒಂದನೇ ಕ್ಲಾಸಿಗೆ ಹೊರಟವರಂತೆ ಕಾಣಬಾರದೆಂದು. ಅಲ್ಲಿ ಕೂತು ರಸ್ತೆ ನೋಡುತ್ತಿದ್ದರಂತೆ. ಆಮೇಲೆ ಹೋಗುವುದನ್ನೇ ಬಿಟ್ಟರು. ಅತ್ತೆ ನನಗೆ ಫೋನು ಮಾಡಿ ಮೊದಲು ರೇಗಿದರು, ಇಡೀ ದಿನ ಗೀಚುವುದನ್ನು ಕೇಳಿ ಕೇಳಿ ತಮ್ಮ ತಲೆ ಚಿಟ್ಟು ಹಿಡಿದಿದೆ ಎಂದರು. ಬೆಂಚಿನಲ್ಲಿ ಕರಗಬೇಕಾದ ಮಾತೆಲ್ಲ ತಮ್ಮ ತಲೆಯ ಮೇಲೆ ಸುರಿಯುತ್ತಿದೆಯಂತೆ. ಆಮೇಲೆ ದನಿ ತಗ್ಗಿಸಿದರು.

"ಈಗೀಗ ಗೀಚದೂ ಕಮ್ಮಿ ಆಗದೆ ಕಣಪ್ಪ. ಗ್ವಾಡೆ ನೋಡ್ತಾ ಕುಂತಿರ್ತರೆ. ಅವ್ರು ಮಾತ್ನಲ್ಲೇ ಬದುಕ್ದೋರು. ಇಂಗೇ ಮೂಲೇಲಿ ಕುಂತ್ರೆ ಉಳ್ಯಕಿಲ್ಲ."

ಇಷ್ಟು ಕೇಳಿದ ಮೇಲೆ ಮದ್ದೂರಿನಲ್ಲಿ ಕೂತವನಿಗೆ ಮಾಡಲು ಏನಿದೆ? ಈ ಕಾಲದ ಗಂಡಸು ದುಃಖ ಬಂದರೆ ಒಂದು ಸಾಮಾನು ಹುಡುಕುತ್ತಾನೆ. ನಾನೂ ಫೋನಿನಲ್ಲಿ ಹುಡುಕತೊಡಗಿದೆ.

ಮೊದಲು ಸಿಕ್ಕಿದ್ದು ಬರೆದುದನ್ನು ಓದಿ ಹೇಳುವ ಒಂದು ಆ್ಯಪು. ಮಾವನ ಫೋನಿಗೇ ಹಾಕಿಕೊಟ್ಟು, ಬಲವಂತ ಮಾಡಿ ಬೆಂಚಿಗೆ ಕರೆದುಕೊಂಡು ಹೋದೆ. ಕಬ್ಬು ಕಡಿದ ಬೆರಳು. ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಬೆವರು ಸುರಿಸಿ ಜೊತೆಗಾರನಿಗೆಂದು ಒಂದು ಸಾಲು ಕೂಡಿಸಿ ಗುಂಡಿ ಒತ್ತಿದರು. ಫೋನಿನೊಳಗಿಂದ ಒಬ್ಬ ಹೆಣ್ಣುಮಗಳು, ರೇಡಿಯೋದಲ್ಲಿ ವಾರ್ತೆ ಓದುವ ಸಮಾಧಾನದಲ್ಲಿ, "ಲೇ ಮೂದೇವಿ. ಎದ್ದು. ಅತ್ಲಾಗ್. ಓಗು" ಎಂದಳು. ಟೀ ಕುಡಿಯುತ್ತಿದ್ದವರಿಗೆ ಟೀ ಮೂಗಿಗೆ ಹತ್ತಿತು. ಜೊತೆಗಾರ ಎದ್ದು ನಿಂತು, ಫೋನಿಗೆ ಕೈಮುಗಿದು, "ಆಯ್ತು ಕಣವ್ವ, ಓಯ್ತೀನಿ" ಎಂದ. ಅವನು ಹಾಸ್ಯ ಮಾಡಿದ್ದು ಮಾವ ನಗಲಿ ಎಂದೇ. ಮಾವ ಫೋನು ಜೇಬಿಗೆ ಹಾಕಿಕೊಂಡು ಮನೆಗೆ ಹೊರಟರು. ದಾರಿಯಲ್ಲಿ ನಿಂತು ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದರು, ನನ್ನ ಬಾಯಿಗೆ ಯಾವಳನ್ನೋ ತಂದು ಕೂರಿಸಬೇಡ ಎಂದು.

ಟ್ಯಾಬಿನ ಸುದ್ದಿ ಬಂದದ್ದು ಇದಾದ ಮೇಲೆ. ಅಂಗಡಿಗಳಲ್ಲಿ ಸಿಗುತ್ತಿದ್ದವು ಒಂದೋ ಮೊರದಷ್ಟು ಅಗಲ, ಇಲ್ಲವೇ ಪೆನ್ನಿಲ್ಲದವು. ಯಾವುದೋ ಕಂಪನಿ ಪೆನ್ನಿರುವ ಚಿಕ್ಕದನ್ನೇ ಬಿಡುತ್ತದೆ ಎಂದು ಯೂಟ್ಯೂಬಿನಲ್ಲಿ ಒಬ್ಬ ಹೇಳಿದ. ಅವನ ಹತ್ತಿರವೂ ಟ್ಯಾಬು ಇರಲಿಲ್ಲ. ಎರಡು ಕೈಗಳನ್ನು ಗಾಳಿಯಲ್ಲಿ ಹಿಡಿದು ಇಷ್ಟಗಲ ಎಂದು ತೋರಿಸಿದ. ಮೀನು ಹಿಡಿದು ಬಂದವರು ತೋರಿಸುವ ಹಾಗೆ. ನಾನು ಆ ಗಾಳಿಯನ್ನು ನಂಬಿದೆ. ಬೆಂಚಿನವರೆಲ್ಲ ಓದುವಷ್ಟು ದೊಡ್ಡದು, ಜೇಬಿಗೆ ಹೋಗುವಷ್ಟು ಚಿಕ್ಕದು, ಬಳಪಕ್ಕಿಂತ ಜೋರಾಗಿ ಓಡುವ ಪೆನ್ನು, ಒರೆಸುವುದಕ್ಕೆ ಒಂದು ಬೆರಳು. ಮಾವನ ಕೈಬರಹ ಮೊದಲಿಂದಲೂ ಚೆನ್ನ. ಇನ್ನೇನು ಬೇಕು? ಭಾನುವಾರ ಬಸ್ಸು ಹತ್ತಿ ಹೋಗಿ ಹೇಳಿದೆ. ಮಾವ ಸ್ಲೇಟಿನ ಮೇಲೆ "ಯಾವಾಗ?" ಎಂದು ಬರೆದರು. ಸದ್ಯದಲ್ಲೇ ಅಂತೆ ಎಂದೆ. ಒರೆಸಿ, "ಯಾರಂದ್ರು?" ಎಂದು ಬರೆದರು.

ಕಾಯುವ ವಿದ್ಯೆಯಲ್ಲಿ ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಕಟ್ಟೆಯಲ್ಲಿ ನೀರು ಎಷ್ಟಡಿ ಬಂತು, ನಾಲೆಗೆ ಯಾವಾಗ ಬಿಡುತ್ತಾರೆ, ಕಾರ್ಖಾನೆ ಯಾವಾಗ ಕಬ್ಬು ಅರೆಯುತ್ತದೆ: ಇವನ್ನೆಲ್ಲ ಕಾದು ಕಾದು ಹದವಾದ ಜನ. ಪ್ರಕಟಣೆಯನ್ನು ಓದುವುದರಲ್ಲಿ ಅವರಿಗಿರುವ ಪಾಂಡಿತ್ಯ ಬೇರೆಲ್ಲೂ ಇರಲಾರದು. ನಾನು ಮಾವನಿಗೆ ಹೇಳಿದ್ದು ಸಂಜೆಯೊಳಗೆ ಬೆಂಚಿಗೆ ತಲುಪಿತ್ತು, ಬೆಂಚು ಅದನ್ನು ವಿಚಾರಣೆಗೆ ಎತ್ತಿಕೊಂಡಿತು. ಜೊತೆಗಾರನ ತೀರ್ಪು ಹೀಗಿತ್ತು:

"ಸದ್ಯದಲ್ಲೇ ಅಂದ್ರೆ ಈ ಬೆಳೆಗಿಲ್ಲ ಅಂತ. ಎಲ್ಲಾ ತಯಾರಾಗದೆ ಅಂದ್ರೆ ಇನ್ನೂ ಕೈಯೇ ಆಕಿಲ್ಲ ಅಂತ. ಯಾವತ್ತು ಅವ್ರು ಬಾಯ್ ಮುಚ್ಕಂಡ್ ಸುಮ್ಗಾಯ್ತರೋ, ಅವತ್ತು ಬತ್ತದೆ."

ಮುಂದೆ ಅಕ್ಷರಶಃ ಹಾಗೇ ಆಯಿತು. ಆದರೆ ಅದಕ್ಕಿಂತ ಮೊದಲು ನಡೆದದ್ದೇ ಹೆಚ್ಚು. ಟ್ಯಾಬಿನ ಬಗ್ಗೆ ಅನುಮಾನ ಬಂದಾಗಲೆಲ್ಲ ಅದರ ಯಜಮಾನನನ್ನು ಕೇಳಬೇಕಲ್ಲ? ಯಜಮಾನ ಮನೆಯಲ್ಲಿ ಗೋಡೆ ನೋಡುತ್ತಿದ್ದರೆ ಹೇಗೆ? ಜೊತೆಗಾರ ಮನೆಗೇ ಬಂದು, ನಿನ್ನ ಸಾಮಾನಿನ ವಿಷಯವನ್ನು ನಾವು ಎಷ್ಟು ದಿನ ಮಾತಾಡುವುದು, ನಮಗೂ ಕೆಲಸವಿಲ್ಲವೆ ಎಂದು ಜಗಳ ತೆಗೆದು ಮಾವನನ್ನು ಎಬ್ಬಿಸಿಕೊಂಡು ಹೋದ. ಅವನಿಗೆ ಬೇರೆ ಕೆಲಸವಿರಲಿಲ್ಲ. ಅತ್ತೆಗೆ ಎಷ್ಟು ಖುಷಿಯಾಯಿತೆಂಬುದನ್ನು ಅವತ್ತು ಅವನಿಗೆ ಕಾಫಿ ಕೊಟ್ಟ ಲೋಟದ ಗಾತ್ರದಿಂದ ನಾನು ತಿಳಿದುಕೊಂಡೆ, ಹಬ್ಬದ ಲೋಟ.

ಬೆಂಚಿನ ಅನುಮಾನಗಳು ಒಂದೆರಡಲ್ಲ. ಪೆನ್ನಿಗೆ ಇಂಕು ಯಾವುದು? ಇಂಕು ಬೇಡ ಎಂದೆ. ಇಂಕಿಲ್ಲದ ಮೇಲೆ ಪೆನ್ನು ಎಂದು ಯಾಕೆ ಕರೆಯಬೇಕು? ಗಾಜಿನ ಮೇಲೆ ಬರೆದರೆ ಗೀಟು ಬೀಳುವುದಿಲ್ಲವೇ? ಬರೆದುದನ್ನು ಅಳಿಸಿದರೆ ಅದು ಹೋಗುವುದು ಎಲ್ಲಿಗೆ? ಈ ಕೊನೆಯದಕ್ಕೆ ನನ್ನ ಹತ್ತಿರ ಈಗಲೂ ಉತ್ತರವಿಲ್ಲ. ಪೆನ್ನು ಕಳೆದುಹೋಗದ ಹಾಗೆ ಮಾವನ ಉಡಿದಾರಕ್ಕೆ ಕಟ್ಟಿಬಿಡಬಹುದು ಎಂಬುದು ಅತ್ತೆಯ ಸಲಹೆ. ನಾನು ಭಾನುವಾರ ಬಸ್ಸಿಳಿದ ಕೂಡಲೇ ಬೆಂಚಿನವರು, ಯೋಗಕ್ಷೇಮವಲ್ಲ, "ಬುಟ್ರಂತಾ?" ಎಂದು ಕೇಳುತ್ತಿದ್ದರು. ನೀರಿನದೋ ಟ್ಯಾಬಿನದೋ ಎಂದು ನಾನು ಕೇಳುವ ಅಗತ್ಯವಿರಲಿಲ್ಲ. ಎರಡಕ್ಕೂ ಉತ್ತರ ಇಲ್ಲ ಎಂದೇ.

ಅಷ್ಟರಲ್ಲಿ ಉದ್ದಗಲದ ಲೆಕ್ಕ ಸೋರಿ ಹೊರಬಂತು. ಸಾಮಾನು ಬರುವ ಮುಂಚೆ ಅದರ ಅಳತೆ ಬರುವುದು ಈ ಕಾಲದ ಪದ್ಧತಿ. ನಾನು ಒಂದು ದಪ್ಪನೆಯ ಲಗ್ನಪತ್ರಿಕೆಯನ್ನು ಆ ಅಳತೆಗೆ ಕತ್ತರಿಸಿ ಮಾವನಿಗೆ ಕೊಟ್ಟೆ, ಅಭ್ಯಾಸವಾಗಲಿ ಎಂದು. ಯಾರದೋ ಮದುವೆಯ ಗಣಪತಿ ಹೊತ್ತ ಆ ರಟ್ಟನ್ನು ಅವರು ಜೇಬಿನಲ್ಲಿಟ್ಟು ಓಡಾಡಿದರು. ಬೆಂಚು ಒಬ್ಬರಿಂದ ಒಬ್ಬರಿಗೆ ದಾಟಿಸಿ, ತೂಗಿ ನೋಡಿ, ಹಗುರವಾಗಿದೆ ಎಂದು ಮೆಚ್ಚಿತು.

ಆಗಲೇ ನನಗೆ ಚೀಲದ ಯೋಚನೆ ಬಂದದ್ದು. ಮದ್ದೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಒಬ್ಬ ಟೈಲರಿದ್ದಾನೆ. ಹೊಲಿಯುವುದು ಶಾಲೆ ಮಕ್ಕಳ ಯೂನಿಫಾರಂ. ಅವನ ಕೈಯಲ್ಲಿ ಹೊಲಿಸಿದ ಚಡ್ಡಿಯನ್ನು ಒಂದನೇ ಕ್ಲಾಸಿನಲ್ಲಿ ಹಾಕಿಕೊಂಡರೆ ನಾಲ್ಕನೇ ಕ್ಲಾಸಿನಲ್ಲಿ ಸರಿಹೋಗುತ್ತದೆ. ಅಲ್ಲಿಯ ತನಕ ಮಗು ಎರಡು ಕೈಯಲ್ಲೂ ಹಿಡಿದುಕೊಂಡು ಓದುತ್ತದೆ. ನಮ್ಮ ಕಡೆ ತಾಯಂದಿರು ಅವನನ್ನು ಹುಡುಕಿಕೊಂಡು ಬರುವುದೇ ಈ ಗುಣಕ್ಕೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಅವನ ಹತ್ತಿರವೇ ಹೋದೆ. ಅದೇ ಅಳತೆಗೆ ನಾನು ಕತ್ತರಿಸಿಕೊಂಡು ಹೋಗಿದ್ದ ಇನ್ನೊಂದು ರಟ್ಟಿನ ನಾಲ್ಕೂ ಕಡೆ ಅವನು ಟೇಪು ಹಿಡಿದು ಅಳೆದು, ಎಷ್ಟು ವರ್ಷ ಹಾಕಬೇಕು ಎಂದು ಕೇಳಿದ. ನಾಲ್ಕೈದು ವರ್ಷವಾದರೂ ಬರಬೇಕು ಎಂದೆ. ಅಲ್ಲಿಗೆ ಮುಗಿಯಿತು.

ಬಂದದ್ದು ಖಾಕಿ ಬಟ್ಟೆಯ ಚೀಲ. ಗಟ್ಟಿ ಹೊಲಿಗೆ, ಹೆಗಲಿಗೆ ಪಟ್ಟಿ, ಪಕ್ಕದಲ್ಲಿ ಪೆನ್ನಿಗೊಂದು ಕಿಸೆ, ಒಳಗಡೆ ಮುಂದಕ್ಕೆ ಬಿಚ್ಚಿಕೊಳ್ಳಲು ಎರಡು ಮಡಿಕೆ. ರಟ್ಟನ್ನು ಒಳಗೆ ಬಿಟ್ಟರೆ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ತಳ ಸೇರಿತು. ಇದು ಬೆಳೆಯುವ ಸಾಮಾನಲ್ಲಪ್ಪ ಎಂದೆ. ಅವನು ಬಾಯಿಯಿಂದ ಗುಂಡುಪಿನ್ನು ತೆಗೆದು ಹೇಳಿದ.

"ಬೆಳೀತದೆ ಬುಡಿ ಸಾ. ಫೋನು ಎಂಗಿದ್ವು, ಈಗ ಎಂಗಾಗವೆ? ವರ್ಸ ವರ್ಸ ಬೆಳೀತಾ ಇಲ್ವಾ?"

ನನಗೆ ಎದುರು ಮಾತು ಹೊಳೆಯಲಿಲ್ಲ. ಬೆಂಚಿನ ಕಾಯಿದೆಯ ಪ್ರಕಾರ ನಾನು ಸೋತಿದ್ದೆ. ಚೀಲ ತೆಗೆದುಕೊಂಡು ಹೋಗಿ ಮಾವನಿಗೆ ಕೊಟ್ಟೆ. ಅವರು ರಟ್ಟನ್ನು ಹಾಕಿ ನೋಡಿದರು, ಅಲ್ಲಾಡಿಸಿ ನೋಡಿದರು, ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಸುಮ್ಮನೆ ಸ್ಲೇಟನ್ನು ಒಳಗೆ ಇಳಿಸಿದರು. ಟೈಲರು ಅದಕ್ಕೇ ಅಳತೆ ತೆಗೆದಿದ್ದನೇನೋ ಅನ್ನುವ ಹಾಗೆ ಕೂತಿತು. ಪೆನ್ನಿನ ಕಿಸೆಯಲ್ಲಿ ಬಳಪ. ಟ್ಯಾಬು ಬರುವ ತನಕ ಇರಲಿ ಎಂದೆ. ತಲೆಯಾಡಿಸಿದರು.

ಮರುದಿನದಿಂದ ಕಂಕುಳು, ಟವಲು ಎಲ್ಲ ಹೋಯಿತು. ಹೆಗಲಿಗೆ ಚೀಲ ಹಾಕಿಕೊಂಡು, ಸರ್ವೆಗೆ ಬಂದ ಅಧಿಕಾರಿಯ ಹಾಗೆ ಬೆಂಚಿಗೆ ನಡೆದರು. ಕೂತು, ಗುಂಡಿ ಬಿಚ್ಚಿ, ಸ್ಲೇಟು ಹೊರತೆಗೆದರೆ ಏನೋ ಆದೇಶ ಹೊರಬೀಳುವಂತೆ ಕಾಣುತ್ತಿತ್ತು. ಬರೆಯುವ ಮೊದಲು ಬಳಪದ ತುದಿಯನ್ನು ಒಮ್ಮೆ ಒತ್ತಿ ಎಳೆಯುತ್ತಿದ್ದರು, ಚೂಪಾಗಲಿ ಎಂದೋ ಏನೋ. ಅದು ಕಿರ್ರೆಂದು ಕೂಗುತ್ತಿತ್ತು. ಹಲ್ಲು ಜುಮ್ಮೆನಿಸುವ ಸದ್ದು. ಟೀ ಅಂಗಡಿಯವನು ಹಾಲಿನಿಂದ ಸೌಟು ಎತ್ತಿ ಹಿಡಿಯುತ್ತಿದ್ದ. ಮಾತಾಡುತ್ತಿದ್ದವನು ಅರ್ಧಕ್ಕೆ ನಿಲ್ಲಿಸುತ್ತಿದ್ದ. ಜೊತೆಗಾರ ಗ್ಲಾಸು ಎತ್ತಿದ್ದರೆ ಎತ್ತಿದ ಹಾಗೇ ಇರುತ್ತಿದ್ದ. ಟೀ ಆರಿದರೂ ಇಳಿಸುತ್ತಿರಲಿಲ್ಲ. ಏನು ಬರೆಯುತ್ತಿರಬಹುದೆಂದು ಒಬ್ಬೊಬ್ಬರೂ ಊಹೆ ಮಾಡುತ್ತಿದ್ದರು, ಊಹೆ ತಪ್ಪಾದರೆ ಅವರಿಗೂ ಒಂದು ಸಾಲು ಬೀಳುತ್ತಿತ್ತು. ನಾನು ಇದನ್ನೆಲ್ಲ ನೋಡಿದೆನೇ ಹೊರತು ಗಮನಿಸಲಿಲ್ಲ. ನನ್ನ ಗಮನ ಫೋನಿನಲ್ಲಿತ್ತು. ಟ್ಯಾಬಿಗೆ ಬೂದಿ ಬಣ್ಣವೋ ನೀಲಿಯೋ, ಪೆನ್ನು ಒಳಗೆ ಸೇರಿಕೊಳ್ಳುತ್ತದೋ ಮೇಲೆ ಅಂಟಿಕೊಳ್ಳುತ್ತದೋ, ಇನ್ನೊಂದು ಸಲ ಯಾಕೆ ಮುಂದಕ್ಕೆ ಹಾಕಿದರು ಎಂಬುದರಲ್ಲಿ ಮುಳುಗಿದ್ದೆ.

ಆಮೇಲೆ ಕಂಪನಿಯವರು ಬಾಯಿ ಮುಚ್ಚಿಕೊಂಡು ಸುಮ್ಮನಾದರು. ಜೊತೆಗಾರ ಬೆರಳು ಎತ್ತಿ, ಈಗ ನೋಡಿ ಎಂದ. ಸ್ವಲ್ಪ ದಿನಕ್ಕೆ ಬಿಟ್ಟೇಬಿಟ್ಟರು.

ಮಂಡ್ಯದ ಅಂಗಡಿಗೆ ಬಂದಿದೆ ಎಂದು ತಿಳಿದ ಮೇಲೆ ಮಾವನನ್ನು ಅಲ್ಲಿಗೇ ಬರಹೇಳಿದೆ. ಮಾವ ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಚೀಲ ಹಾಕಿಕೊಂಡು ಬಂದರು. ತಂಪು ಗಾಳಿಯ ಅಂಗಡಿಯಲ್ಲಿ ನಿಂತು ಗಾಜಿನ ಮೇಲೆ ಪೆನ್ನು ಓಡಿಸಿದರು. ಅಕ್ಷರ ಬೆಣ್ಣೆಯ ಹಾಗೆ ಇಳಿಯಿತು. ಅಂಗಡಿಯವನು, ಇಷ್ಟು ದುಂಡಾದ ಕನ್ನಡ ಅಕ್ಷರವನ್ನು ಈ ಟ್ಯಾಬಿನಲ್ಲಿ ತಾನು ನೋಡಿಯೇ ಇಲ್ಲ ಎಂದ. ಅವತ್ತು ಬೆಳಿಗ್ಗೆ ತಾನೇ ಡಬ್ಬಿ ಒಡೆದಿದ್ದರು ಎಂಬುದನ್ನು ನಾನು ನೆನಪಿಸಲಿಲ್ಲ. ಕೊಂಡೆವು.

ಮನೆಯಲ್ಲಿ ಅತ್ತೆ ದೇವರ ಮುಂದೆ ಇಟ್ಟು, ಗಾಜಿನ ಮೂಲೆಗೆ ಕುಂಕುಮದ ಬೊಟ್ಟು ಇಟ್ಟು, ಊದುಕಡ್ಡಿ ಬೆಳಗಿ ಕೊಟ್ಟರು. ಬೊಟ್ಟು ತಗುಲಿದ್ದಕ್ಕೆ ಟ್ಯಾಬು ತಾನೇ ಎಚ್ಚರವಾಗಿ ಭಾಷೆ ಯಾವುದು ಎಂದು ಕೇಳಿತು. ದೈವ ಒಪ್ಪಿದೆ ಎಂದುಕೊಂಡೆವು. ಅತ್ತೆ ಅಡುಗೆಮನೆಗೆ ಹೋದರು. ಮಾವ ನಡುಮನೆಯಲ್ಲಿ ಕೂತು ಟ್ಯಾಬಿನ ಮೇಲೆ ಕಾಫಿ ಎಂದು ಬರೆದರು. ಏನೂ ಬರಲಿಲ್ಲ. ಅಕ್ಷರ ದೊಡ್ಡದು ಮಾಡಿ ಬರೆದರು. ಕೆಂಪು ಬಣ್ಣದಲ್ಲಿ ಬರೆದರು. ಒಲೆಯ ಮೇಲೆ ಒಗ್ಗರಣೆ ಚಟಗುಟ್ಟಿತು, ಅಷ್ಟೆ. ತುಸು ಹೊತ್ತಾದ ಮೇಲೆ ಅತ್ತೆ ಸೌಟು ಹಿಡಿದುಕೊಂಡೇ ಓಡಿಬಂದು ಮಾವನ ಮುಖ ನೋಡಿದರು.

"ಯಾಕಂಗೆ ಸದ್ದಿಲ್ದಂಗೆ ಕುಂತ್ಬುಟ್ರಿ? ಉಸಾರಾಗಿದ್ದೀರಾ?"

ಮಾವ ಟ್ಯಾಬು ತೋರಿಸಿದರು. ಅತ್ತೆ ಸೆರಗಿನಲ್ಲಿ ಬೆವರು ಒರೆಸಿಕೊಂಡು, ಹಾಳಾದ್ದು, ಎದೆ ಝಲ್ಲೆನಿಸಿಬಿಟ್ಟಿತು ಎಂದು ಗೊಣಗುತ್ತ ಕಾಫಿಗೆ ಇಟ್ಟರು. ನಾನು ಆಗಲೂ ಟ್ಯಾಬಿನ ಬೆಳಕು ಹೆಚ್ಚು ಕಡಿಮೆ ಮಾಡುವುದು ಹೇಗೆಂದು ನೋಡುತ್ತಿದ್ದೆ.

ಬೆಂಚಿಗೆ ಹೋದಾಗ ಬಿಸಿಲು ಎದುರಿಗಿತ್ತು. ಸ್ವಾಗತ ಚೆನ್ನಾಗಿಯೇ ಆಯಿತು. ಎಲ್ಲರೂ ಮುಟ್ಟಿ ನೋಡಿದರು, ಲಗ್ನಪತ್ರಿಕೆಗಿಂತ ತೂಕ ಜಾಸ್ತಿ ಎಂದರು, ಇಂಕಿಲ್ಲದ ಪೆನ್ನನ್ನು ಮೂಸಿ ನೋಡಿದರು. ಮಾವ ಎಲ್ಲರಿಗೂ ನಮಸ್ಕಾರ ಎಂದು ಬರೆದಾಗ ಅಂಗಡಿಯವನು ಟ್ಯಾಬಿನ ಲೆಕ್ಕದಲ್ಲಿ ಒಂದು ಸುತ್ತು ಟೀ ಕೊಟ್ಟ. ಅಲ್ಲಿಗೆ ಉತ್ಸವ ಮುಗಿದು ಬೆಂಚು ಬೆಂಚಾಯಿತು. ಮಾತು ನಾಲೆಗೆ ಹೋಯಿತು, ನಾಲೆಯಿಂದ ಕಬ್ಬಿಗೆ ಬಂತು, ಕಬ್ಬಿನಿಂದ ಜೊತೆಗಾರ ಮಾವನ ಗದ್ದೆಗೆ ಇಳಿದ. ಈ ಸಲವೂ ಅದೇ ಕಡ್ಡಿಯಾ ಎಂದು ಕೇಳಿ ಗ್ಲಾಸು ಎತ್ತಿದ.

ಮಾವನ ಪೆನ್ನು ಓಡಿತು. ನಿಜ ಹೇಳಬೇಕೆಂದರೆ ಬಳಪಕ್ಕಿಂತ ಎರಡು ಪಟ್ಟು ಜೋರಾಗಿ ಓಡಿತು. ಕಂಪನಿಯವರು ಸುಳ್ಳು ಹೇಳಿರಲಿಲ್ಲ. ಆದರೆ ಅದು ಓಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಸೌಟು ಹಾಲಿನಲ್ಲೇ ಆಡುತ್ತಿತ್ತು. ಗ್ಲಾಸು ಇಳಿಯಿತು. ಮಾವ ಟ್ಯಾಬು ಎತ್ತಿ ಹಿಡಿದಾಗ ಜೊತೆಗಾರ ಬಗ್ಗಿ ನೋಡಿದ, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ. ಬಿಸಿಲಿಗೆ ಗಾಜು ಕನ್ನಡಿಯಾಗಿತ್ತು.

"ನನ್ ಮಕನೇ ಕಾಣ್ತದಲ್ಲಾ. ಇದ್ನೇ ಏನ್ಲಾ ನೀನು ಬರ್ದದ್ದು?"

ಬೆಂಚು ನಕ್ಕಿತು. ನಾನು ಬೆಳಕು ಹೆಚ್ಚಿಸಿದೆ, ಟವಲು ಅಡ್ಡ ಹಿಡಿದೆ, ಮಾವನನ್ನು ನೆರಳಿಗೆ ಜರುಗಿಸಲು ನೋಡಿದೆ. ಅಷ್ಟರಲ್ಲಿ ಮೈಸೂರಿನ ಬಸ್ಸು ಬಂದು ನಿಂತಿತು, ಯಾರೋ ಇಳಿದರು, ಮಾತು ಅವರ ಹಿಂದೆ ಹೋಯಿತು. ಮಾವ ಟ್ಯಾಬನ್ನು ತೊಡೆಯ ಮೇಲೆ ಇಟ್ಟುಕೊಂಡು ರಸ್ತೆ ನೋಡತೊಡಗಿದರು.

ಆ ನೋಟ ನನಗೆ ಗೊತ್ತಿತ್ತು. ಆಪರೇಷನ್ನಾದ ಹೊಸತರಲ್ಲಿ ಹೀಗೇ ನೋಡಿ ನೋಡಿ, ಆಮೇಲೆ ಮನೆಗೆ ಹೋಗಿ ಗೋಡೆ ನೋಡಿದ್ದರು. ಅತ್ತೆ ಫೋನಿನಲ್ಲಿ ಹೇಳಿದ ಮಾತು ಕಿವಿಗೆ ಬಂತು. ಇಷ್ಟು ತಿಂಗಳು ನಾನು ಎಳೆದು ತಂದ ಸಾಮಾನು ಮಾವನನ್ನು ಮತ್ತೆ ಅಲ್ಲಿಗೇ ತಂದು ಕೂರಿಸಿತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮಾವ ಪೆನ್ನನ್ನು ಅದರ ಜಾಗಕ್ಕೆ ಅಂಟಿಸಿದರು. ಪಕ್ಕದ ಮನೆಯವರ ಕೂಸನ್ನು ವಾಪಸ್ಸು ಕೊಡುವ ಹಾಗೆ ಜೋಪಾನವಾಗಿ ಟ್ಯಾಬನ್ನು ನನ್ನ ತೊಡೆಯ ಮೇಲೆ ಇಟ್ಟರು. ಹೆಗಲ ಚೀಲವನ್ನು ಮುಂದಕ್ಕೆ ಎಳೆದುಕೊಂಡು ಗುಂಡಿ ಬಿಚ್ಚಿದರು. ಸ್ಲೇಟು ಒಳಗೇ ಇತ್ತು. ಮಂಡ್ಯಕ್ಕೂ ಅದನ್ನು ಹಾಕಿಕೊಂಡೇ ಬಂದಿದ್ದರು ಎಂಬುದು ನನಗೆ ಆಗ ಹೊಳೆಯಿತು. ಬಳಪ ತೆಗೆದು, ಒತ್ತಿ, ಈ ಕಡೆಯಿಂದ ಆ ಕಡೆಗೆ ಒಂದು ಗೀಟು ಎಳೆದರು.

ಕಿರ್ರೆಂದಿತು.

ಸೌಟು ಮೇಲೆ ಬಂತು. ಬಸ್ಸಿಳಿದವನ ಹಿಂದೆ ಹೋಗಿದ್ದ ಮಾತು ಅಲ್ಲೇ ನಿಂತಿತು. ಜೊತೆಗಾರ ಎರಡನೇ ಗ್ಲಾಸನ್ನು ಬಾಯಿಯ ಹತ್ತಿರ ಒಯ್ದಿದ್ದ. ಅದು ಅಲ್ಲೇ ಉಳಿಯಿತು. ಮಾವ ಅವಸರ ಮಾಡಲಿಲ್ಲ. ಒಂದು ಅಕ್ಷರ ಸೊಟ್ಟಗಾಯಿತೆಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ತಿದ್ದಿದರು. ಬೆಂಚು ಕಾದಿತು. ನಿಂತಿದ್ದ ಬಸ್ಸು ಹೊರಟಿತು, ಹತ್ತಬೇಕಾದವರಲ್ಲಿ ಒಬ್ಬ ಹತ್ತಲಿಲ್ಲ. ಬರೆದು ಮುಗಿಸಿ ಎತ್ತಿ ತೋರಿಸಿದರು. ಕಪ್ಪಿನ ಮೇಲೆ ಬಿಳಿ. ಬಿಸಿಲು ಬಿದ್ದಷ್ಟೂ ಸ್ಪಷ್ಟ.

"ಸರ್ಯಾಗೇ ಓದ್ದೆ ಕಣ್ಲಾ. ಮೂದೇವಿ ಅಂತ್ಲೇ ಬರ್ದಿದ್ದೆ."

ನಗು ರಸ್ತೆಯಾಚೆಗೂ ಹೋಯಿತು. ಜೊತೆಗಾರ ಎದುರು ಮಾತು ಹುಡುಕಿದ. ಕೈ ಸೋತು ಗ್ಲಾಸು ಬೆಂಚಿಗೆ ಇಳಿಯಿತು. ಇಳಿದದ್ದನ್ನು ಎಲ್ಲರೂ ನೋಡಿದರು. ಸೋತವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಟ್ಯಾಬು ಈಗ ನನ್ನ ಹತ್ತಿರ ಇದೆ. ಒಳ್ಳೆಯ ಸಾಮಾನು, ದೂರುವುದಕ್ಕೇನಿಲ್ಲ. ಅದರಲ್ಲಿ ನಾನು ಕಟ್ಟೆಯ ನೀರಿನ ಮಟ್ಟ ನೋಡುತ್ತೇನೆ. ಮೊನ್ನೆ ಹಾಗೆ ನೋಡುತ್ತಿರುವಾಗ ಅದೇ ಯೂಟ್ಯೂಬಿನವನು ಮತ್ತೆ ಕೈ ಅಗಲಿಸಿಕೊಂಡು ಬಂದ. ಮುಂದಿನ ಟ್ಯಾಬು ತಯಾರಾಗುತ್ತಿದೆಯಂತೆ. ಬಿಸಿಲಿನಲ್ಲೂ ಅಕ್ಷರ ಕಾಣುವ ಗಾಜಂತೆ, ಬರೆದರೆ ಕಾಗದದ ಮೇಲೆ ಬರೆದ ಹಾಗೆ ಸದ್ದು ಮಾಡುವ ಪೆನ್ನಂತೆ. ಹೇಳಲೋ ಬೇಡವೋ ಎಂದುಕೊಂಡೇ ಭಾನುವಾರ ಬಸ್ಸಿಳಿದು ಬೆಂಚಿನಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಅಂಗಡಿಯವನು ಸದ್ದು ಎಷ್ಟು ಜೋರಿರುತ್ತದೆ ಎಂದು ವಿಚಾರಿಸಿದ. ಮಾವ ಖಾಕಿ ಚೀಲದ ಗುಂಡಿ ಬಿಚ್ಚಿ, ಬಳಪ ಒತ್ತಿ, ಒಂದೇ ಪದ ಬರೆದರು.

"ಯಾವಾಗ?"

ಸದ್ಯದಲ್ಲೇ ಅಂತೆ ಎಂದೆ.

"ಈ ಬೆಳೆಗಿಲ್ಲ ಬುಡು," ಎಂದ ಜೊತೆಗಾರ, ಮಾವನ ಕಡೆಗೆ ಜರುಗಿ ಕೂತು ಗ್ಲಾಸು ಎತ್ತಿಕೊಂಡ.